ಮರದ ಬಾಗಿಲಿನ ಹಿಂದೆ: ಅಕ್ಕನ ಮನೆಯ ಫ್ರಿಜ್, ಒಂದು ಪ್ರಕರಣ

ಮಾರ್ಚ್ ತಿಂಗಳ ಮೂರನೆಯ ವಾರ, ಬೆಳಿಗ್ಗೆ ಆರೂವರೆಗೆ ಅಕ್ಕನ ಫೋನ್ ಬಂತು. "ಹಿಟ್ಟು ಉಕ್ಕಿದೆ" ಎಂದಳು. ದೋಸೆ ಹಿಟ್ಟು ಉಕ್ಕಿದರೆ ಯಾರ ಮನೆಯಲ್ಲೂ ಬೇಸರವಿಲ್ಲ. ಆದರೆ ಇದು ಉಕ್ಕಿದ್ದು ಫ್ರಿಜ್‌ನೊಳಗೆ. ಸಂಜೆಯೇ ಹದವಾಗಿ ಹುದುಗಿದ್ದ ಹಿಟ್ಟನ್ನು ಇನ್ನು ಹುಳಿಯಾಗದಿರಲಿ ಎಂದು ಒಳಗಿಟ್ಟು ಮಲಗಿದ್ದಳು. ಬೆಳಿಗ್ಗೆ ನೋಡಿದರೆ ಮುಚ್ಚಳ ಓರೆಯಾಗಿ, ಹಿಟ್ಟು ಡಬ್ಬಿಯ ಮೈಮೇಲೆ ಇಳಿದು, ಗಾಜಿನ ಹಲಗೆಯ ಮೇಲೆ ಹರಡಿ, ಕೆಳಗಿದ್ದ ಹೂಕೋಸಿನ ಮೇಲೆ ತೊಟ್ಟಿಕ್ಕುತ್ತಿತ್ತು.

ಅದಕ್ಕೆ ಎರಡು ವಾರ ಮೊದಲೇ ಮೊಸರು ಬೇಗ ಹುಳಿಯಾಗುತ್ತಿದೆ ಎಂಬ ದೂರು ಇತ್ತು. ಭಾವ ಅದನ್ನು ಹಾಲಿನವನ ಮೇಲೆ ಹಾಕಿದ್ದರು. ಹಾಲು ಬದಲಾದ ಮೇಲೂ ಮೊಸರು ಬದಲಾಗಲಿಲ್ಲ. ಆಗ ತಪ್ಪು ಮೊಮ್ಮಗನದಾಯಿತು, ಅವನು ದಿನಕ್ಕೆ ಇಪ್ಪತ್ತು ಸಲ ಬಾಗಿಲು ತೆಗೆಯುತ್ತಾನೆ ಎಂದು. ಮೊಮ್ಮಗ ಪರೀಕ್ಷೆ ಮುಗಿಸಿ ಶಿವಮೊಗ್ಗಕ್ಕೆ ಹೋದ ವಾರವೇ ಹಿಟ್ಟು ಉಕ್ಕಿತು.

ನಾನು ಫ್ರಿಜ್ ರಿಪೇರಿಯವನಲ್ಲ. ಪಾಲಿಟೆಕ್ನಿಕ್ ಒಂದರಲ್ಲಿ ಮೆಕ್ಯಾನಿಕಲ್ ವಿಭಾಗದ ಹುಡುಗರಿಗೆ ಪಾಠ ಹೇಳಿ ನಿವೃತ್ತನಾದವನು. ಆದ್ದರಿಂದ ಮನೆಮಂದಿಯ ಎಲ್ಲ ಯಂತ್ರಗಳ ಕಾಯಿಲೆಗೂ ಮೊದಲ ಕರೆ ನನಗೇ ಬರುತ್ತದೆ, ಬಿಟ್ಟಿ ವೈದ್ಯನಿಗೆ ಬರುವ ಹಾಗೆ.

ಮನೆ ಮತ್ತು ಯಂತ್ರ

ಅಕ್ಕನ ಮನೆ ಬೆಂಗಳೂರಿನ ಕನಕಪುರ ರಸ್ತೆಯ ಒಂದು ಅಪಾರ್ಟ್‌ಮೆಂಟಿನಲ್ಲಿದೆ. ಏಳು ವರ್ಷದ ಹಿಂದೆ ಮಗ ಆಸೆಪಟ್ಟು ಮಾಡಿಸಿದ ಮಾಡ್ಯುಲರ್ ಅಡುಗೆಮನೆ. ಅದರಲ್ಲಿ ಫ್ರಿಜ್ ಕಣ್ಣಿಗೆ ಕಾಣುವುದಿಲ್ಲ. ಎತ್ತರದ ಕಪಾಟುಗಳ ಸಾಲಿನಲ್ಲಿ ಒಂದರ ಬಾಗಿಲು ತೆಗೆದರೆ ಒಳಗೆ ದೀಪ ಹತ್ತುತ್ತದೆ, ಅದು ಫ್ರಿಜ್. ಪಕ್ಕದ ಬಾಗಿಲು ತೆಗೆದರೆ ಓವನ್, ಅಂದರೆ ಅಕ್ಕ ಬಾಣಲೆ ಇಡುವ ಗೂಡು. ಹೊಸದಾಗಿ ಬಂದ ನೆಂಟರು ನೀರಿನ ಬಾಟಲಿಗಾಗಿ ಮೂರು ಬಾಗಿಲು ತೆಗೆದು ನೋಡುವುದು ಅಲ್ಲಿ ಮಾಮೂಲು.

ಈ ಬಗೆಯ ಫ್ರಿಜ್ ಕೂರುವ ಗೂಡಿನ ಅಗಲ 56 ಸೆಂಟಿಮೀಟರ್. ಮೇಲೆ ತಂಪಿನ ಖಾನೆ, ಕೆಳಗೆ ಫ್ರೀಜರ್. ಒಳಗಿನ ಬಿಸಿಯನ್ನು ಹೊರಗೆ ಬಿಡುವ, ಕಪ್ಪು ತಂತಿಯ ಜಾಲದಂತಿರುವ ಕಂಡೆನ್ಸರ್ ಬೆನ್ನಿನಲ್ಲಿದೆ. ಒಳಗಿನ ಫಲಕದಲ್ಲಿ ತಂಪು ಮಾಡುವ ಅನಿಲ ಆರ್ 600ಎ ಎಂದೂ ಹವಾಮಾನ ವರ್ಗ ಎಸ್‌ಟಿ ಎಂದೂ ಬರೆದಿತ್ತು. ಎಸ್‌ಟಿ ಎಂದರೆ ಸುತ್ತಲಿನ ಗಾಳಿ 16ರಿಂದ 38 ಡಿಗ್ರಿ ಇರುವವರೆಗೆ ಯಂತ್ರ ಸರಿಯಾಗಿ ಕೆಲಸ ಮಾಡಬೇಕು. 43 ಡಿಗ್ರಿ ತಡೆಯುವುದಕ್ಕೆ ಟಿ ವರ್ಗ ಬೇಕು. ಬೆಂಗಳೂರಿಗೆ ಎಸ್‌ಟಿ ಸಾಕು ಎಂದು ಮಾರಿದವರಿಗೆ ಅನ್ನಿಸಿದ್ದರೆ ಅದು ತಪ್ಪೇನೂ ಅಲ್ಲ. 2016ರ ಏಪ್ರಿಲ್‌ನಲ್ಲಿ ಈ ಊರು 39.2 ಡಿಗ್ರಿ ಕಂಡಿದ್ದರೂ ಅಂಥ ದಿನಗಳು ಬೆರಳೆಣಿಕೆಯವು.

ನಾನು ಹೋಗುವಷ್ಟರಲ್ಲಿ ಭಾವ ಒಬ್ಬ ಮೆಕ್ಯಾನಿಕ್ಕನನ್ನು ಕರೆಸಿ ಆಗಿತ್ತು. ಆತ ಬಾಗಿಲು ತೆಗೆದು, ಒಳಗೆ ಕೈಯಾಡಿಸಿ, "ಗ್ಯಾಸ್ ಕಡಿಮೆಯಾಗಿದೆ. ಗ್ಯಾಸ್ ತುಂಬಿದರೂ ನಿಲ್ಲದಿದ್ದರೆ ಕಂಪ್ರೆಸರ್ ಹಾಕಬೇಕು" ಎಂದು 14,000 ರೂಪಾಯಿ ಅಂದಾಜು ಕೊಟ್ಟು ಹೋಗಿದ್ದ. ಫ್ರಿಜ್ಜನ್ನು ಗೂಡಿನಿಂದ ಹೊರಗೆ ಎಳೆದು ನೋಡಿರಲಿಲ್ಲ. ಏಳು ವರ್ಷದ ಫ್ರಿಜ್‌ಗೆ ಗ್ಯಾಸ್ ತುಂಬಿಸುವುದು ಸಹಜ ಎಂಬಂತೆ ಭಾವ ತಲೆಯಾಡಿಸಿದ್ದರು. ಒಲೆಯ ಸಿಲಿಂಡರ್ ಖಾಲಿಯಾಗುವ ಹಾಗೆ ಫ್ರಿಜ್‌ನ ಗ್ಯಾಸೂ ಖಾಲಿಯಾಗುತ್ತದೆ ಎಂಬ ನಂಬಿಕೆ ನಮ್ಮ ಮನೆಗಳಲ್ಲಿ ಗಟ್ಟಿಯಾಗಿದೆ. ಅದು ಖರ್ಚಾಗುವ ವಸ್ತುವಲ್ಲ. ಬೆಸೆದು ಮುಚ್ಚಿದ ಕೊಳವೆಯೊಳಗೆ ಹತ್ತಾರು ಗ್ರಾಂ ಅನಿಲ, ಕಂಪ್ರೆಸರ್ ಎಂಬ ಪಂಪು ತಳ್ಳಿದಂತೆ, ವರ್ಷಗಟ್ಟಲೆ ಅದೇ ಸುತ್ತು ಸುತ್ತುತ್ತಿರುತ್ತದೆ. ಕಡಿಮೆಯಾಗಿದೆ ಎಂದರೆ ಎಲ್ಲೋ ಸೋರಿದೆ ಎಂದೇ ಅರ್ಥ. ಸೋರಿಕೆ ಹುಡುಕದೆ ತುಂಬುವುದು ತೂತಿನ ಕೊಡಕ್ಕೆ ನೀರು ಹೊತ್ತಂತೆ.

"ನಾಲ್ಕು ದಿನ ಕೊಡಿ ಭಾವ" ಎಂದೆ.

ನಾಲ್ಕು ದಿನದ ಲೆಕ್ಕ

ಫ್ರಿಜ್‌ನ ಶಾಖವನ್ನು ಗಾಳಿಯಲ್ಲಿ ಅಳೆದರೆ ಮೋಸ ಹೋಗುತ್ತೇವೆ, ಬಾಗಿಲು ತೆಗೆದ ಕೂಡಲೇ ಮುಳ್ಳು ಏರುತ್ತದೆ. ಒಂದು ಲೋಟ ನೀರಿನಲ್ಲಿ ಥರ್ಮಾಮೀಟರ್ ಮುಳುಗಿಸಿ ನಡುವಿನ ಹಲಗೆಯ ಮೇಲೆ ಇಟ್ಟೆ. ನೀರಿಗೆ ಆತುರವಿಲ್ಲ, ಒಳಗಿನ ನಿಜವಾದ ಸ್ಥಿತಿಯನ್ನು ಅದು ಹೇಳುತ್ತದೆ.

ಮೊದಲ ಎರಡು ದಿನ ಏನನ್ನೂ ಮುಟ್ಟಲಿಲ್ಲ. ಬೆಳಗಿನ ಆರಕ್ಕೆ ಅಡುಗೆಮನೆ 26 ಡಿಗ್ರಿ, ಲೋಟದ ನೀರು 7. ಸಂಜೆ ನಾಲ್ಕಕ್ಕೆ ಅಡುಗೆಮನೆ 33, ನೀರು ಹತ್ತೂವರೆ. ಫ್ರೀಜರ್ ಮೈನಸ್ 18 ಇರಬೇಕಾದದ್ದು ಮೈನಸ್ 13ರಲ್ಲಿ ನಿಂತಿತ್ತು. ಬೇಯಿಸಿದ ಅಡುಗೆ 5 ಡಿಗ್ರಿಯ ಕೆಳಗಿರಬೇಕು, 5ರಿಂದ 60ರ ನಡುವೆ ಸೂಕ್ಷ್ಮಜೀವಿಗಳು ಬೆಳೆಯುತ್ತವೆ ಎಂಬುದು ಆಹಾರ ಸುರಕ್ಷತೆಯ ಮೂಲಪಾಠ. ಅಕ್ಕನ ಫ್ರಿಜ್ ಹಗಲಿಡೀ ಆ ಗೆರೆಯ ಆಚೆ ಇತ್ತು. ಇದು ಒಂದು ವೇಗದಲ್ಲೇ ಓಡಿ ನಡುನಡುವೆ ನಿಲ್ಲುವ ಹಳೆಯ ಬಗೆಯ ಕಂಪ್ರೆಸರ್. ಬೇಕಾದಂತೆ ವೇಗ ಬದಲಿಸುವ ಇನ್ವರ್ಟರ್ ಕಂಪ್ರೆಸರ್ ಆಗಿದ್ದರೆ ಸದಾ ಸಣ್ಣಗೆ ಓಡುವುದು ಸಹಜ. ಇದು ನಿಲ್ಲಬೇಕಿತ್ತು, ನಿಲ್ಲುತ್ತಿರಲಿಲ್ಲ. ಪಕ್ಕದ ಕಪಾಟಿನೊಳಗಿದ್ದ ಪ್ಲಗ್ಗಿಗೆ ಸಣ್ಣ ಮೀಟರ್ ಸಿಕ್ಕಿಸಿದೆ. ಇಪ್ಪತ್ತನಾಲ್ಕು ಗಂಟೆಗೆ 1.9 ಯೂನಿಟ್.

ಈ ಅಂಕಿಗಳಲ್ಲಿ ನನ್ನ ಕಣ್ಣು ನಿಂತದ್ದು ಬೆಳಗು–ಸಂಜೆಗಳ ಅಂತರದ ಮೇಲೆ. ಅನಿಲ ಸೋರಿದ್ದರೆ ಒಳಗಿನ ಹಿಂಗೋಡೆಯಲ್ಲಿ ಒಂದು ಮೂಲೆ ಮಾತ್ರ ತಣ್ಣಗಾಗಿ ಉಳಿದದ್ದು ಬೆಚ್ಚಗಿರುತ್ತದೆ, ರಾತ್ರಿ ಆಯಿತೆಂದು ಅದು ಅಷ್ಟಾಗಿ ಸುಧಾರಿಸುವುದಿಲ್ಲ. ಇಲ್ಲಿ ಹಿಂಗೋಡೆಯ ಉದ್ದಗಲಕ್ಕೂ ಅಂಗೈ ಆಡಿಸಿದೆ, ಎಲ್ಲ ಕಡೆ ಒಂದೇ ಸಮ ತೇವ, ಒಂದೇ ಸಮ ತಂಪು. ಅಡುಗೆಮನೆ ತಂಪಾದರೆ ಫ್ರಿಜ್ ಚೇತರಿಸಿಕೊಳ್ಳುತ್ತಿತ್ತು, ಕಾದರೆ ಸೋಲುತ್ತಿತ್ತು. ಯಂತ್ರಕ್ಕೆ ಶಕ್ತಿ ಇತ್ತು, ಬಿಸಿಯನ್ನು ಕಳೆಯುವ ಜಾಗ ಇರಲಿಲ್ಲ.

ಫ್ರಿಜ್ ತಂಪನ್ನು ತಯಾರಿಸುವುದಿಲ್ಲ ಎಂದು ಮೂವತ್ತು ವರ್ಷ ಹುಡುಗರಿಗೆ ಹೇಳಿದ್ದೇನೆ. ಒಳಗಿನ ಬಿಸಿಯನ್ನು ಎತ್ತಿ ಹೊರಗೆ ಹಾಕುತ್ತದೆ, ಅಷ್ಟೇ. ಸಾಮಾನ್ಯ ಫ್ರಿಜ್ ಆ ಬಿಸಿಯನ್ನು ಕೋಣೆಗೆ ಚೆಲ್ಲುತ್ತದೆ. ಗೂಡಿನೊಳಗೆ ಕೂತ ಫ್ರಿಜ್‌ಗೆ ಕೋಣೆ ಸಿಗುವುದಿಲ್ಲ, ಮರದ ಕೊಳವೆಯೊಂದು ಸಿಗುತ್ತದೆ. ಕಪಾಟಿನ ಪಾದ ಮುಚ್ಚುವ ಸ್ಕರ್ಟಿಂಗ್ ಪಟ್ಟಿಯ ಜಾಲರಿಯಿಂದ ತಂಪು ಗಾಳಿ ಒಳಬರಬೇಕು, ಬೆನ್ನಿನ ಕಂಡೆನ್ಸರ್ ಸವರಿ ಬಿಸಿಯಾಗಿ ಮೇಲೇರಬೇಕು, ಕಪಾಟಿನ ನೆತ್ತಿಯಿಂದ ಹೊರಬೀಳಬೇಕು. ಹೊಗೆಗೂಡಿನ ತತ್ತ್ವವೇ. ಇಂಥ ಫ್ರಿಜ್‌ಗಳ ಕೈಪಿಡಿಗಳಲ್ಲಿ ಈ ದಾರಿಯ ತೆರಪಿನ ವಿಸ್ತೀರ್ಣ ಎಲ್ಲೂ 200 ಚದರ ಸೆಂಟಿಮೀಟರಿಗಿಂತ ಕಡಿಮೆ ಇರಬಾರದು ಎಂಬ ಸಾಲು ಸಾಮಾನ್ಯವಾಗಿ ಇರುತ್ತದೆ. ಆ ಸಾಲನ್ನು ಓದಬೇಕಾದವನು ಬಡಗಿ. ಕೈಪಿಡಿ ಇರುವುದು ಮಾಲೀಕರ ಬೀರುವಿನಲ್ಲಿ.

ಜಿರಳೆಯ ದಾರಿ

ಮೂರನೆಯ ದಿನ ನೆಲದ ಮೇಲೆ ಮಲಗಿ ಟಾರ್ಚ್ ಬಿಟ್ಟೆ. ಫ್ರಿಜ್‌ನ ಕೆಳಗಿನ ಸ್ಕರ್ಟಿಂಗ್ ಪಕ್ಕದ ಕಪಾಟಿನದಕ್ಕಿಂತ ಬೆಳ್ಳಗಿತ್ತು.

"ಇದು ಹೊಸದಲ್ಲವೇ ಅಕ್ಕಾ?"

"ಕಾರ್ತಿಕದಲ್ಲಿ ಹಾಕಿಸಿದ್ದು. ಮೊದಲಿದ್ದದ್ದು ಅಲ್ಯೂಮಿನಿಯಂ ಜಾಲರಿ. ಅದರೊಳಗಿಂದ ಜಿರಳೆ ಬರುತ್ತಿದ್ದವು. ಬಡಗಿಗೆ ಹೇಳಿ ಮುಚ್ಚಿಸಿದೆ."

"ಪೂರ್ತಿ ಮುಚ್ಚಿದನೇ?"

"ಇಲ್ಲ, ಗಾಳಿ ಬೇಕಾಗುತ್ತದೆ ಎಂದು ತೂತು ಕೊರೆದಿದ್ದಾನೆ ನೋಡು."

ನಿಜ, ತೂತುಗಳಿದ್ದವು. ಆರು. ಸಾಲಾಗಿ, ಅಚ್ಚುಕಟ್ಟಾಗಿ. ಒಂದೊಂದರ ವ್ಯಾಸ ಒಂದೂವರೆ ಸೆಂಟಿಮೀಟರ್. ಜೇಬಿನ ಪೆನ್ನು ತೆಗೆದು ಹಾಲಿನ ಲೆಕ್ಕದ ಪುಸ್ತಕದ ಹಿಂಬದಿಯಲ್ಲಿ ಗುಣಿಸಿದೆ. ಆರೂ ಸೇರಿ ಹತ್ತೂವರೆ ಚದರ ಸೆಂಟಿಮೀಟರ್ ಚಿಲ್ಲರೆ. ಬೇಕಾದದ್ದು 200. ಹಳೆಯ ಜಾಲರಿ ಸುಮಾರು 50 ಸೆಂಟಿಮೀಟರ್ ಉದ್ದ, 4 ಸೆಂಟಿಮೀಟರ್ ಎತ್ತರ ಇತ್ತಂತೆ, ಅಂದರೆ ಸರಿಯಾಗಿ ಬೇಕಾದಷ್ಟೇ. ಬಡಗಿಯನ್ನು ಬೈಯುವ ಹಾಗಿಲ್ಲ. ಆತನಿಗೆ ಗಾಳಿ ಬೇಕೆಂದು ಗೊತ್ತಿತ್ತು, ಎಷ್ಟು ಎಂದು ಯಾರೂ ಹೇಳಿರಲಿಲ್ಲ. ಜಿರಳೆಗಳಂತೂ ಆ ಆರು ತೂತುಗಳಲ್ಲಿ ಈಗಲೂ ಆರಾಮವಾಗಿ ಓಡಾಡುತ್ತಿದ್ದವು.

ಗಾಳಿ ಒಳಬರುವ ದಾರಿಯ ಕಥೆ ಇದಾಯಿತು. ಹೊರಹೋಗುವ ದಾರಿ ಇರಬೇಕಾದದ್ದು ಮೇಲಿನ ಲಾಫ್ಟ್‌ನ ಹಿಂಭಾಗದಲ್ಲಿ. ಸ್ಟೂಲ್ ಹತ್ತಿ ಲಾಫ್ಟ್‌ನ ಬಾಗಿಲು ತೆಗೆದೆ. ದಸರಾ ಗೊಂಬೆಗಳು. ನಾಲ್ಕು ರಟ್ಟಿನ ಪೆಟ್ಟಿಗೆ. ಪಟ್ಟದ ಗೊಂಬೆಗಳು ಹಳೆಯ ಮಗ್ಗದ ಸೀರೆಯಲ್ಲಿ, ಶೆಟ್ಟಿ ದಂಪತಿ ಹಳೆಯ ಪತ್ರಿಕೆಯಲ್ಲಿ ಸುತ್ತಿಕೊಂಡು ಬೆನ್ನ ಗೋಡೆಗೆ ಒತ್ತಿ ಕೂತಿದ್ದವು. ಪೆಟ್ಟಿಗೆ ಈಚೆಗೆ ಎಳೆದಾಗ ಮುಖಕ್ಕೆ ಬಿಸಿಗಾಳಿ ಬಡಿಯಿತು, ಇಡ್ಲಿ ಪಾತ್ರೆಯ ಮುಚ್ಚಳ ತೆಗೆದ ಹಾಗೆ. ಪೆಟ್ಟಿಗೆಯ ತಳದ ರಟ್ಟು ಕಂದಿ ಗರಿಗರಿಯಾಗಿತ್ತು. ಮುಟ್ಟಿದರೆ ಪುಡಿಯಾಗುತ್ತಿತ್ತು. ಆ ಸಂದಿಗೆ ಥರ್ಮಾಮೀಟರ್ ಇಳಿಬಿಟ್ಟೆ. ಮಧ್ಯಾಹ್ನ ಮೂರು ಗಂಟೆಗೆ 47 ಡಿಗ್ರಿ.

ಫಲಕದ ಎಸ್‌ಟಿ ನೆನಪಾಯಿತು. 38ರವರೆಗೆ ಭರವಸೆ. ಬೆಂಗಳೂರು ಅಂದು ಆ ಮಿತಿ ಮೀರಿರಲಿಲ್ಲ. ಆದರೆ ಫ್ರಿಜ್ ಇದ್ದದ್ದು ಬೆಂಗಳೂರಿನಲ್ಲಲ್ಲ, ತನ್ನದೇ ಆದ ರಾಯಚೂರಿನಲ್ಲಿ.

ಗೊಂಬೆಗಳು ಲಾಫ್ಟ್ ಸೇರಿದ್ದು ಅಕ್ಟೋಬರ್‌ನಲ್ಲಿ. ಸ್ಕರ್ಟಿಂಗ್ ಬದಲಾದದ್ದು ನವೆಂಬರ್‌ನಲ್ಲಿ. ಹಿಂದಿನ ವರ್ಷಗಳಲ್ಲೂ ಗೊಂಬೆಗಳು ಅಲ್ಲೇ ಇದ್ದವು. ಆಗ ಪೆಟ್ಟಿಗೆ ಮೂರೇ ಇದ್ದದ್ದರಿಂದ ಸ್ವಲ್ಪ ಸಂದಿ ಉಳಿದಿತ್ತು. ಈ ಸಲ ಮೈಸೂರಿನಿಂದ ಹೊಸ ಜಂಬೂಸವಾರಿ ಸೆಟ್ ಬಂದು ನಾಲ್ಕನೆಯದು ತುರುಕಲಾಗಿತ್ತು. ಡಿಸೆಂಬರ್–ಜನವರಿಯ ಚಳಿ ಎರಡೂ ತಪ್ಪುಗಳನ್ನು ಮುಚ್ಚಿಟ್ಟಿತು.

ಊಹೆ ಸರಿಯೇ ಎಂದು ನೋಡಲು ಖರ್ಚಿಲ್ಲದ ದಾರಿ ಇತ್ತು. ಸ್ಕರ್ಟಿಂಗ್ ಕಿತ್ತೆ, ಅದು ಕ್ಲಿಪ್ಪಿನ ಮೇಲೆ ನಿಂತಿರುವ ಪಟ್ಟಿ, ಎಳೆದರೆ ಬರುತ್ತದೆ. ಗೊಂಬೆಗಳನ್ನು ನಡುಮನೆಯ ದಿವಾನ್ ಮೇಲೆ ಇಳಿಸಿದೆ. ನೆಲದ ಮೇಲೆ ಒಂದು ಟೇಬಲ್ ಫ್ಯಾನ್ ಇಟ್ಟು ಗಾಳಿಯನ್ನು ಗೂಡಿನ ಕೆಳಗೆ ತಿರುಗಿಸಿದೆ. ಫ್ರಿಜ್‌ನ ಗುಂಡಿಯನ್ನು ಮುಟ್ಟಲಿಲ್ಲ. ಮರುದಿನ ಬೆಳಿಗ್ಗೆ ಆರಕ್ಕೆ ಲೋಟದ ನೀರು 4 ಡಿಗ್ರಿ. ಬೆಳಗಿನ ತಂಪಿನಲ್ಲಿ ಇಳಿದದ್ದಿರಬಹುದು ಎಂದು ಸಂಜೆಯವರೆಗೆ ಕಾದೆ. ನಾಲ್ಕು ಗಂಟೆಗೆ ಅಡುಗೆಮನೆ 33 ಇದ್ದಾಗಲೂ ಒಳಗೆ 5ನ್ನು ದಾಟಲಿಲ್ಲ. ನಡುವೆ ಕಂಪ್ರೆಸರ್ ಕಟಕ್ ಎಂದು ನಿಂತಿತು. ಆ ಮೌನಕ್ಕೆ ಅಕ್ಕ ಗಾಬರಿಯಾಗಿ ಓಡಿ ಬಂದಳು, ಕೆಟ್ಟೇ ಹೋಯಿತೆಂದು.

ಗ್ಯಾಸ್ ಎಲ್ಲೂ ಹೋಗಿರಲಿಲ್ಲ. ಭಾವ ಮೆಕ್ಯಾನಿಕ್ಕನಿಗೆ ಫೋನ್ ಮಾಡಿ ಬೇಡವೆಂದರು.

ಜೊತೆಗೆ ಸಿಕ್ಕ ಎರಡು ಸಣ್ಣ ಕಾಯಿಲೆ

ಗಾಳಿಯ ದಾರಿ ದೊಡ್ಡ ಕಾರಣ. ಆದರೆ ತರಕಾರಿ ಪೆಟ್ಟಿಗೆಯ ಅಡಿಯಲ್ಲಿ ನೀರು ನಿಲ್ಲುತ್ತಿದ್ದದ್ದು ಅದರಿಂದಲ್ಲ. ಒಳಗಿನ ಹಿಂಗೋಡೆಯಲ್ಲಿ ಹನಿಗಟ್ಟುವ ನೀರು ಕೆಳಗಿನ ಸಣ್ಣ ರಂಧ್ರದಿಂದ ಹೊರಗಿಳಿದು, ಕಂಪ್ರೆಸರ್ ಮೇಲಿನ ತಟ್ಟೆಯಲ್ಲಿ ಬಿದ್ದು, ಅದರ ಬಿಸಿಗೆ ಆವಿಯಾಗಬೇಕು. ರಂಧ್ರಕ್ಕೆ ಕೊತ್ತಂಬರಿ ದಂಟಿನ ತುಂಡೊಂದು ಬಿರಡೆಯ ಹಾಗೆ ಕೂತಿತ್ತು, ಸುತ್ತ ಕಪ್ಪು ಲೋಳೆ. ಪ್ಲಗ್ ಕಿತ್ತು, ಮೆತ್ತನೆಯ ಪ್ಲಾಸ್ಟಿಕ್ ಕಡ್ಡಿಯಿಂದ ಬಿಡಿಸಿ, ಅಡುಗೆ ಸೋಡಾ ಕರಗಿಸಿದ ಉಗುರುಬೆಚ್ಚಗಿನ ನೀರನ್ನು ಸಿರಿಂಜಿನಿಂದ ನಾಲ್ಕು ಸಲ ಬಿಟ್ಟೆ. ಕೆಲಸ ಹತ್ತು ನಿಮಿಷದ್ದು. ಅಕ್ಕ ಇಷ್ಟು ದಿನ ಅಲ್ಲಿ ಬಟ್ಟೆಯಿಂದ ನೀರು ಒರೆಸುತ್ತ ಬಂದಿದ್ದಳು.

ಒಮ್ಮೆ ಹಿಂಗೋಡೆಗೆ ಹಿಡಿದ ಮಂಜನ್ನು ಚಾಕುವಿನಿಂದ ಕೆರೆದಿದ್ದಳಂತೆ. ಇದನ್ನು ಕೇಳಿ ಮಾತ್ರ ನಾನು ಸ್ವರ ಏರಿಸಿದೆ. ಆ ಗೋಡೆಯ ಹಿಂದೆಯೇ ಅನಿಲದ ಕೊಳವೆ ಓಡುತ್ತದೆ. ಆರ್ 600ಎ ಎಂದರೆ ಐಸೋಬ್ಯೂಟೇನ್, ಅಡುಗೆ ಅನಿಲದ ಬಂಧು, ಕಿಡಿ ತಾಕಿದರೆ ಹೊತ್ತಿಕೊಳ್ಳುತ್ತದೆ. ಮಂಜು ಹೆಚ್ಚಾದರೆ ಪ್ಲಗ್ ಕಿತ್ತು ಬಾಗಿಲು ತೆರೆದಿಟ್ಟು ತಾನಾಗಿ ಕರಗಲು ಬಿಡಬೇಕು.

ಎರಡನೆಯದು ಬಾಗಿಲಿನದು, ಮತ್ತು ಇದು ಗೂಡಿನ ಫ್ರಿಜ್‌ಗೇ ವಿಶೇಷ. ಹತ್ತು ರೂಪಾಯಿಯ ನೋಟನ್ನು ಬಾಗಿಲಿಗೆ ಸಿಕ್ಕಿಸಿ ಎಳೆಯುತ್ತ ಸುತ್ತಲೂ ಬಂದೆ. ಎಲ್ಲ ಕಡೆ ಬಾಗಿಲಂಚಿನ ರಬ್ಬರ್ ಪಟ್ಟಿ, ಅಂದರೆ ಗ್ಯಾಸ್ಕೆಟ್, ಹಿಡಿದುಕೊಂಡಿತು, ಕೆಳಗಿನ ಮೂಲೆಯಲ್ಲಿ ನೋಟು ಬೆಣ್ಣೆಯಂತೆ ಜಾರಿತು. ಗ್ಯಾಸ್ಕೆಟ್ ಹರಿದಿರಲಿಲ್ಲ. ಈ ಮಾದರಿಯಲ್ಲಿ ಬಾಗಿಲು ಎರಡು: ಮರದ್ದು ಕಪಾಟಿನ ಹಿಂಜ್ ಮೇಲೆ, ಫ್ರಿಜ್‌ನದು ತನ್ನ ಹಿಂಜ್ ಮೇಲೆ. ಎರಡನ್ನೂ ಕೂಡಿಸುವುದು ಹೆಬ್ಬೆರಳಿನಷ್ಟು ಉದ್ದದ ಜಾರುಪಟ್ಟಿ. ಮರದ ಬಾಗಿಲು ಭಾರಕ್ಕೆ ಎರಡು ಮಿಲಿಮೀಟರಿನಷ್ಟು ಇಳಿದು, ಜಾರುಪಟ್ಟಿಯ ತಿರುಪು ಸಡಿಲಗೊಂಡು, ಮರ ಮುಚ್ಚಿಕೊಂಡರೂ ಒಳಗಿನ ಬಾಗಿಲು ಮೂಲೆಯಲ್ಲಿ ಕೂದಲೆಳೆ ತೆರೆದೇ ಇರುತ್ತಿತ್ತು. ಹೊರಗಿನಿಂದ ನೋಡಿದವರಿಗೆ ಬಾಗಿಲು ಭದ್ರ. ಹಿಂಜ್‌ನ ತಿರುಪಿನಿಂದ ಮರವನ್ನು ಮೇಲೆತ್ತಿ, ಪಟ್ಟಿ ಬಿಗಿ ಮಾಡಿ, ಗ್ಯಾಸ್ಕೆಟ್‌ನ ಮಡಿಕೆಗಳಲ್ಲಿದ್ದ ಹಿಟ್ಟಿನ ಹೊಪ್ಪಳೆಯನ್ನು ಸೋಪಿನ ಬಿಸಿನೀರಿನಿಂದ ತೊಳೆದೆ. ನೋಟು ಹಿಡಿಯಿತು.

ಏನು ಬದಲಾಯಿತು

ಜಿರಳೆಗಳಿಗೆ ಜೆಲ್ ಔಷಧಿ ಇಡಿಸಿದೆ. ಮತ್ತೆ ಬರದಂತೆ ಜಾಲರಿಯ ಹಿಂದೆ ಸ್ಟೀಲ್ ಬಲೆ ಬೇಕೆಂದು ಅಕ್ಕ ಹಟ ಹಿಡಿದಳು. ಬಲೆಯ ತಂತಿಗಳೂ ಜಾಗ ತಿನ್ನುತ್ತವೆ, ದೂಳೂ ಹಿಡಿಯುತ್ತದೆ. ಆದ್ದರಿಂದ ಹಳೆಯ ಅಳತೆಯನ್ನೇ ಮಾಡಿಸದೆ, ಗೂಡಿನ ಪೂರ್ತಿ ಅಗಲಕ್ಕೆ, 56ಕ್ಕೆ 7 ಸೆಂಟಿಮೀಟರ್ ಜಾಲರಿ ಹಾಕಿಸಿದೆ, 392 ಚದರ ಸೆಂಟಿಮೀಟರ್. ಅದೇ ಬಡಗಿ ಬಂದಿದ್ದ. ಲೆಕ್ಕ ತೋರಿಸಿದಾಗ ತನ್ನ ಆರು ತೂತುಗಳನ್ನು ನೋಡಿ ನಕ್ಕ, ಮೊಬೈಲ್‌ನಲ್ಲಿ 200 ಎಂದು ಬರೆದುಕೊಂಡ. ಫ್ರಿಜ್ಜನ್ನು ಹೊರಗೆಳೆದಾಗ ಕಂಡೆನ್ಸರ್ ಮೇಲೆ ಏಳು ವರ್ಷದ ದೂಳು ಒಗ್ಗರಣೆಯ ಜಿಡ್ಡಿನೊಂದಿಗೆ ಸೇರಿ ಕಂಬಳಿಯಾಗಿತ್ತು. ಮೆತ್ತನೆಯ ಬ್ರಷ್ಷಿನಿಂದ ಉಜ್ಜಿ ವ್ಯಾಕ್ಯೂಮ್ ಹಿಡಿದೆವು. ಒಂದು ಮಾತು: ದೊಡ್ಡ ಅಮೆರಿಕನ್ ಮಾದರಿಗಳಲ್ಲಿ ಕಂಡೆನ್ಸರ್ ನೆತ್ತಿಯ ಅಥವಾ ಪಾದದ ಜಾಲರಿಯ ಹಿಂದೆಯೇ ಇರುತ್ತದೆ, ಫ್ಯಾನ್ ಗಾಳಿ ಎಳೆಯುತ್ತದೆ, ಆದ್ದರಿಂದ ದೂಳೂ ಬೇಗ ಕಟ್ಟುತ್ತದೆ, ಆರು ತಿಂಗಳಿಗೊಮ್ಮೆ ಮನೆಯವರೇ ಜಾಲರಿ ಬಿಚ್ಚಿ ತೆಗೆಯಬಹುದು. ಈ ಮಾದರಿಯನ್ನು ಹೊರಗೆಳೆಯಲು ಇಬ್ಬರು ಗಂಡಾಳು ಬೇಕು, ಕಪಾಟಿಗೆ ಬಿಗಿದ ತಿರುಪುಗಳನ್ನು ಬಿಚ್ಚಬೇಕು. ಒಬ್ಬರೇ ಕೈಹಾಕಬಾರದು.

ಏಪ್ರಿಲ್ ಕೊನೆಯಲ್ಲಿ ಮತ್ತೆ ಅಳೆದೆ. ಸಂಜೆ ನಾಲ್ಕಕ್ಕೆ ಅಡುಗೆಮನೆ 34, ಗೂಡಿನ ನೆತ್ತಿ 39, ಲೋಟದ ನೀರು 5. ದಿನಕ್ಕೆ 1.1 ಯೂನಿಟ್.

ಇನ್ನು ನಿಯಮಿತ ಆರೈಕೆಯ ಮಾತು. ನಾನು ಅಚ್ಚುಕಟ್ಟಾಗಿ ಒಂದು ವೇಳಾಪಟ್ಟಿ ಬರೆದುಕೊಟ್ಟೆ, ಅಕ್ಕ ಅದನ್ನು ಮಡಿಚಿ ಕೈಪಿಡಿಯೊಳಗೆ ಇಟ್ಟಳು. ಆಮೇಲೆ ತನ್ನದೇ ಪಂಚಾಂಗ ಮಾಡಿಕೊಂಡಳು. ಏಕಾದಶಿಯಂದು ಅಡುಗೆ ಇಲ್ಲ, ಹಿಂದಿನ ದಿನವೇ ಉಳಿದದ್ದೆಲ್ಲ ಖರ್ಚಾಗಿ ಫ್ರಿಜ್ ಖಾಲಿ ಇರುತ್ತದೆ. ಆ ದಿನ ಹಲಗೆ ಒರೆಸಿ, ರಂಧ್ರಕ್ಕೆ ಸೋಡಾ ನೀರು ಬಿಟ್ಟು, ಗ್ಯಾಸ್ಕೆಟ್ ತೊಳೆಯುತ್ತಾಳೆ. ಹದಿನೈದು ದಿನಕ್ಕೊಮ್ಮೆ, ನಾನು ಬರೆದದ್ದಕ್ಕಿಂತ ಹೆಚ್ಚೇ. ಪಾದದ ಜಾಲರಿ ಕಿತ್ತು ತೊಳೆದು ಸಂದಿಗೆ ವ್ಯಾಕ್ಯೂಮ್ ಹಿಡಿಯುವುದು ಯುಗಾದಿಗೊಮ್ಮೆ, ನವರಾತ್ರಿಗೊಮ್ಮೆ. ನಡುವೆ ಆರು ತಿಂಗಳು, ಲೆಕ್ಕ ತಾನಾಗಿ ಕೂಡಿಬರುತ್ತದೆ. ಲಾಫ್ಟ್‌ನ ನೆಲದಲ್ಲಿ ಗೋಡೆಯಿಂದ ಒಂದು ಗೇಣು ಬಿಟ್ಟು ಬಡಗಿಯ ಪೆನ್ಸಿಲ್ಲಿನಿಂದ ಗೆರೆ ಎಳೆದು, "ಇದರ ಆಚೆ ಏನೂ ಇಡಬಾರದು" ಎಂದು ಬರೆಸಿದ್ದಾಳೆ. ಜಂಬೂಸವಾರಿ ಈಗ ಭಾವನ ಮಂಚದ ಕೆಳಗಿದೆ.

ಜುಲೈನಲ್ಲಿ ಮಳೆ ಹಿಡಿದಾಗ ಅಕ್ಕ ಮತ್ತೆ ಫೋನ್ ಮಾಡಿದಳು. ಕೆಳಗಿನ ಮೂಲೆಯಲ್ಲಿ ನೋಟು ಜಾರುತ್ತಿದೆ ಎಂದಳು. ತೇವಕ್ಕೆ ಮರದ ಬಾಗಿಲು ಉಬ್ಬಿ ಪಕ್ಕದ ಕಪಾಟಿಗೆ ಉಜ್ಜುತ್ತಿತ್ತು. ನಾನು ಹೊರಡುವ ಮೊದಲೇ ಭಾವ ಸ್ಕ್ರೂಡ್ರೈವರ್ ಹುಡುಕಿ ಹಿಂಜ್‌ನ ತಿರುಪನ್ನು ಅರ್ಧ ಸುತ್ತು ತಿರುಗಿಸಿದ್ದರು. ಚಳಿಗಾಲದಲ್ಲಿ ಮರ ಒಣಗಿದಾಗ ಅದನ್ನು ಮತ್ತೆ ಅರ್ಧ ಸುತ್ತು ಹಿಂದಕ್ಕೆ ತಿರುಗಿಸಬೇಕಾಗುತ್ತದೆ.